ಹಾಲುಹಲ್ಲಿನ ಹುಳುಕು: ಇಲ್ಲದ ಹುಳುವಿನ ಕಥೆ

ಶಿಕಾರಿಪುರ ತಾಲ್ಲೂಕಿನ ಉಡುತಡಿ ಎಂದೊಡನೆ ನೆನಪಾಗುವವಳು ಅಕ್ಕಮಹಾದೇವಿ. ಅವಳ ಹುಟ್ಟೂರು ಇದೇ ಎಂಬುದು ನಾಡಿನ ನಂಬಿಕೆ. ಅಲ್ಲಿನ ಅವಶೇಷಗಳನ್ನು ನೋಡಲು ಹೋದಾಗ ಮನೆಯೊಂದರ ಜಗಲಿಯ ಮೇಲೆ ಆಡುತ್ತಿದ್ದ ಮಗು ನನ್ನನ್ನು ಕಂಡು ನಕ್ಕಿತು. ಮೂರು ವರ್ಷ ತುಂಬಿರಲಿಕ್ಕಿಲ್ಲ. ಮೇಲಿನ ಮುಂದಿನ ನಾಲ್ಕೂ ಹಲ್ಲುಗಳು ಸುಟ್ಟ ಕಡ್ಡಿಯ ತುದಿಯಂತೆ ಕರಕಲಾಗಿದ್ದವು. ‘ಹುಳ ತಿಂದೈತಪ್ಪ. ಹೆಂಗೂ ಬಿದ್ದೋಗೋ ಹಲ್ಲಲ್ಲೇನು’ ಎಂದರು ಅಜ್ಜಿ.

ಈ ಎರಡು ಮಾತುಗಳಲ್ಲಿ ಮೊದಲನೆಯದಕ್ಕೆ ಸಾವಿರಾರು ವರ್ಷಗಳ ಇತಿಹಾಸವಿದೆ. ಹಲ್ಲನ್ನು ಹುಳು ತಿನ್ನುತ್ತದೆ ಎಂಬ ನಂಬಿಕೆಯ ಗುರುತು ‘ಹುಳುಕು’ ಎಂಬ ಕನ್ನಡ ಪದದಲ್ಲೇ ಇದೆ. ಪ್ರಾಚೀನ ಮೆಸೊಪೊಟೇಮಿಯದ ಮಂತ್ರವೊಂದರಲ್ಲಿ ಹುಳುವೇ ದೇವರ ಮುಂದೆ ಅತ್ತು, ಹಲ್ಲು ಮತ್ತು ವಸಡಿನ ನಡುವೆ ವಾಸಕ್ಕೆ ಜಾಗ ಬೇಡುತ್ತದೆ. ನಮ್ಮ ಸುಶ್ರುತ ಸಂಹಿತೆಯಲ್ಲಿ ಈ ರೋಗಕ್ಕೆ ‘ಕ್ರಿಮಿದಂತಕ’ ಎಂಬ ಹೆಸರಿದೆ. ಕಾಶ್ಯಪ ಸಂಹಿತೆಯಲ್ಲಂತೂ ಮಕ್ಕಳಿಗೆ ಹಲ್ಲು ಹುಟ್ಟುವ ವಿಷಯಕ್ಕೇ ಒಂದು ಅಧ್ಯಾಯ ಮೀಸಲಾಗಿದೆ.

ಉಡುತಡಿಯ ಸೀಮೆಯೂ ವೈದ್ಯಕ್ಕೆ ಹೊಸದಲ್ಲ. ಇದೇ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠದ 1162ರ ಶಾಸನ, ಆ ಮಠವನ್ನು ವೇದ–ವ್ಯಾಕರಣಗಳ ಪಾಠಶಾಲೆ ಎಂದು ಬಣ್ಣಿಸುವುದರ ಜೊತೆಗೆ ದೀನರಿಗೆ ಅನ್ನ ಸಿಗುವ, ರೋಗಿಗಳಿಗೆ ಚಿಕಿತ್ಸೆ ದೊರೆಯುವ ತಾಣವೆಂದೂ ಹೇಳುತ್ತದೆ. ಅದು ಹೆಚ್ಚುಕಡಿಮೆ ಅಕ್ಕನದೇ ಕಾಲ.

ಹಳ್ಳಿಯ ಮದ್ದಿನ ದಾರಿ ಬೇರೆ. ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ, ಹೊಗೆಯನ್ನು ಕೊಳವೆಯ ಮೂಲಕ ಹಲ್ಲಿಗೆ ತಾಗಿಸುವುದು. ಆಮೇಲೆ ಉದುರಿದ ಬಿಳಿ ಎಳೆಗಳನ್ನು ‘ನೋಡಿ, ಹುಳ’ ಎಂದು ತೋರಿಸುವುದು. ಯುರೋಪಿನಲ್ಲೂ ಬೇರೊಂದು ಗಿಡದ ಬೀಜದಿಂದ ಇದನ್ನೇ ಮಾಡುತ್ತಿದ್ದರು. ಅಲ್ಲಿ ಹುಳುವೆಂದು ತೋರಿಸುತ್ತಿದ್ದುದು ಕಾವಿಗೆ ಸಿಡಿದು ಹೊರಬಂದ ಬೀಜದ ಮೊಳಕೆಯನ್ನು!

ಪ್ಯಾರಿಸಿನ ದಂತವೈದ್ಯ ಪಿಯರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹುಳುವಿನ ವಾದವನ್ನು ಒಪ್ಪಲಿಲ್ಲ. ನಿಜವಾದ ಕಾರಣ ಸ್ಪಷ್ಟವಾಗಲು 1890ರವರೆಗೆ ಕಾಯಬೇಕಾಯಿತು. ಬಾಯಿಯ ಸೂಕ್ಷ್ಮಾಣುಗಳು ಸಿಹಿಯನ್ನು ಹುಳಿಯಾಗಿಸುತ್ತವೆ, ಆ ಆಮ್ಲವೇ ಹಲ್ಲನ್ನು ಕರಗಿಸುತ್ತದೆ ಎಂದು ಬರ್ಲಿನ್‌ನಲ್ಲಿದ್ದ ಅಮೆರಿಕದ ಡಬ್ಲ್ಯು. ಡಿ. ಮಿಲ್ಲರ್ ವಿವರಿಸಿದರು. 1924ರಲ್ಲಿ ಇಂಗ್ಲೆಂಡಿನ ಕ್ಲಾರ್ಕ್ ಅಂಥ ಸೂಕ್ಷ್ಮಾಣುವೊಂದಕ್ಕೆ ‘ಸ್ಟ್ರೆಪ್ಟೊಕಾಕಸ್ ಮ್ಯುಟಾನ್ಸ್’ ಎಂದು ಹೆಸರಿಟ್ಟರು.

ಕೂಸುಗಳ ಮುಂದಿನ ಹಲ್ಲುಗಳೇ ಏಕೆ ಮೊದಲು ಹಾಳಾಗುತ್ತವೆ? 1962ರಲ್ಲಿ ಅಮೆರಿಕದ ವೈದ್ಯ ಎಲಿಯಾಸ್ ಫಾಸ್ ಇದನ್ನು ಹಾಲಿನ ಬಾಟಲಿಯೊಂದಿಗೆ ಜೋಡಿಸಿದರು. ಬಾಟಲಿ ಕಚ್ಚಿಕೊಂಡೇ ಮಗು ನಿದ್ದೆ ಹೋದರೆ ಸಿಹಿ ಹಾಲು ಮೇಲಿನ ಹಲ್ಲುಗಳ ಸುತ್ತ ನಿಲ್ಲುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ತೊಳೆಯುವುದು ಯಾರು? ಕೆಳಗಿನ ಮುಂದಿನ ಹಲ್ಲುಗಳಿಗೆ ನಾಲಿಗೆಯೇ ಮರೆ. ಅದಕ್ಕೇ ಅವು ಸಾಮಾನ್ಯವಾಗಿ ಉಳಿಯುತ್ತವೆ. ಸೊರಬ, ಸಾಗರದ ಮನೆಗಳಲ್ಲಿ ಜೋನಿಬೆಲ್ಲಕ್ಕೆ ಬರವಿಲ್ಲ. ಅಳುವ ಮಗುವಿನ ತುಟಿಗೆ ಬೆಲ್ಲವನ್ನೋ ಜೇನುತುಪ್ಪವನ್ನೋ ಸವರಿ ಮಲಗಿಸಿದರೂ ಅದೇ ಕಥೆ. (ವರ್ಷ ತುಂಬದ ಕೂಸಿಗೆ ಜೇನು ಕೊಡಲೇಬಾರದು, ಅದರ ಅಪಾಯ ಹಲ್ಲಿನದಷ್ಟೇ ಅಲ್ಲ.) ಹಗಲೆಲ್ಲ ಗದ್ದೆಯಲ್ಲಿ ದುಡಿದು ಬಂದ ತಾಯಿಯನ್ನು ಇದಕ್ಕಾಗಿ ದೂರುವುದು ಸುಲಭ, ಆದರೆ ನ್ಯಾಯವಲ್ಲ. ಅವಳಿಗೆ ಇದನ್ನು ಹೇಳಿದವರಾದರೂ ಯಾರು?

ಅಜ್ಜಿಯ ಎರಡನೆಯ ಮಾತು ಹೆಚ್ಚು ಅಪಾಯದ್ದು. ಇಪ್ಪತ್ತು ಹಾಲುಹಲ್ಲುಗಳು ಬೀಳುವುದೇನೋ ನಿಜ. ಆದರೆ ದವಡೆಯವು ಹತ್ತು–ಹನ್ನೆರಡು ವರ್ಷದವರೆಗೂ ಬಾಯಲ್ಲಿರುತ್ತವೆ. ಮುಂದೆ ಬರುವ ಶಾಶ್ವತ ಹಲ್ಲಿಗೆ ಜಾಗ ಕಾಯುವುದೂ ಅವೇ. ಹುಳುಕು ಬೇರಿಗಿಳಿದು ಕೀವಾದರೆ ಕೆಳಗೆ ಬೆಳೆಯುತ್ತಿರುವ ಹೊಸ ಹಲ್ಲಿಗೂ ಕುತ್ತು. ಅದಕ್ಕೂ ಮೊದಲು ಮಗು ಊಟ ಬಿಡುತ್ತದೆ, ರಾತ್ರಿಯೆಲ್ಲ ಅಳುತ್ತದೆ. ಎರಡು ವರ್ಷದ ಮಗು ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಕೂರುವುದುಂಟೆ? ಎಷ್ಟೋ ಸಲ ಪೂರ್ತಿ ಅರಿವಳಿಕೆಯೇ ಬೇಕಾಗುತ್ತದೆ. ಅದಕ್ಕೆ ದೊಡ್ಡ ಊರಿನ ಆಸ್ಪತ್ರೆಯೇ ಗತಿ.

ಆರಂಭದಲ್ಲಿ ರೋಗ ಕಪ್ಪಾಗಿರುವುದಿಲ್ಲ. ಮೇಲ್ತುಟಿ ಎತ್ತಿ ನೋಡಿದರೆ ವಸಡಿನ ಅಂಚಿಗೆ ಸುಣ್ಣದಂಥ ಬಿಳಿ ಗೆರೆ ಕಾಣುತ್ತದೆ. ಆ ಹಂತದಲ್ಲಿ ಫ್ಲೋರೈಡಿನಿಂದ ಹಲ್ಲು ಮತ್ತೆ ಗಟ್ಟಿಯಾಗಬಲ್ಲದು. ಮೊದಲ ಹಲ್ಲು ಕಂಡ ದಿನದಿಂದಲೇ ಮೆತ್ತನೆಯ ಬ್ರಷ್ಷಿಗೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸವರಿ ದೊಡ್ಡವರೇ ಉಜ್ಜಬೇಕು, ಮೂರು ವರ್ಷದ ನಂತರ ಬಟಾಣಿ ಕಾಳಿನಷ್ಟು ಎನ್ನುತ್ತಾರೆ ತಜ್ಞರು. ಬಾಟಲಿ ಬಿಡದ ಮಗುವಿಗೆ ರಾತ್ರಿ ಬರಿಯ ನೀರು ಸಾಕು.

ಕುಳಿ ಬಿದ್ದ ಮೇಲೂ ದಾರಿಯಿದೆ. ಬೆಳ್ಳಿ ಮತ್ತು ಫ್ಲೋರೈಡ್ ಬೆರೆತ ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವವನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಕೊರೆಯುವ ಯಂತ್ರ ಬೇಡ, ಸೂಜಿ ಬೇಡ. ದಂತವೈದ್ಯರು ಕುಳಿಗೆ ಹಚ್ಚಿದರೆ ಹುಳುಕು ಬಹುಪಾಲು ಅಲ್ಲಿಗೇ ನಿಲ್ಲುತ್ತದೆ. ಒಂದೇ ತೊಡಕು, ಹಚ್ಚಿದ ಜಾಗ ಕಪ್ಪಾಗಿ ಉಳಿಯುತ್ತದೆ. ಆ ಕಪ್ಪನ್ನು ನೋಡಿಯೂ ಅಜ್ಜಿ ‘ಹುಳ ತಿಂದೈತಪ್ಪ’ ಎಂದೇ ಹೇಳಿಯಾರು.