ಓಲಗದ ಮನೆಯಿಂದ ಬಂದ ಸ್ಯಾಕ್ಸೊಫೋನ್

ಬೆಂಗಳೂರಿನ ಅಲ್ಲಾಳಸಂದ್ರ, ಯಲಹಂಕದ ಕಲ್ಯಾಣ ಮಂಟಪಗಳಲ್ಲಿ ಮಾಂಗಲ್ಯಧಾರಣೆಯ ಗಳಿಗೆ ಬಂದಾಗ ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ’ ಎನ್ನುತ್ತಾರೆ. ಅಲ್ಲಿಯವರೆಗೆ ನಿಧಾನವಾಗಿ ರಾಗ ಎಳೆಯುತ್ತಿದ್ದ ನಾಗಸ್ವರ ಒಮ್ಮೆಲೆ ಏರುತ್ತದೆ, ಡೋಲು ಬಿರುಸಾಗುತ್ತದೆ. ಸೀನು, ಅಪಶಕುನದ ಮಾತು ಯಾವುದೂ ಆ ಹೊತ್ತಿನಲ್ಲಿ ವಧೂವರರ ಕಿವಿಗೆ ಬೀಳಬಾರದೆಂಬುದು ಹಿರಿಯರ ನಂಬಿಕೆ.

ಇಂಥ ನಾಗಸ್ವರ ನುಡಿಸುವ ಮನೆತನದಲ್ಲೇ ಸ್ಯಾಕ್ಸೊಫೋನ್ ವಾದಕ ಕದ್ರಿ ಗೋಪಾಲನಾಥ್ 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಹುಟ್ಟಿದರು. ಮೊದಲ ಪಾಠ ತಂದೆ ತನಿಯಪ್ಪನವರಿಂದ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ ಹುಡುಗ ಅದಕ್ಕೆ ಮನಸೋತ. ನಾಗಸ್ವರದಲ್ಲಿ ಬೆರಳು ರಂಧ್ರದ ಮೇಲೆಯೇ ಆಡುವುದರಿಂದ ಗಮಕ ಸಲೀಸು. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಲೋಹದ ಕೀಲಿಗಳಿವೆ. ಅದರಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ಹೊರಡಿಸಲು ವರ್ಷಗಟ್ಟಲೆ ಸಾಧನೆ ಮಾಡಿದರು. ಎಲ್ಲ ಪ್ರಶಸ್ತಿಗಳಿಗಿಂತ ಈ ಸಾಧನೆಯೇ ದೊಡ್ಡದು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು.

ನಮ್ಮ ಕರಾವಳಿಯ ಮದುವೆ, ದೇವಸ್ಥಾನದ ಉತ್ಸವಗಳಲ್ಲಿ ಈಗ ಡೋಲಿನ ಜೊತೆಗೆ ಸ್ಯಾಕ್ಸೊಫೋನ್ ಮಂಗಳವಾದ್ಯವಾಗಿಯೇ ಕೂತಿದೆ.