ಮೈಲುತುತ್ತ ಮರ ಹತ್ತಿದ ಬಗೆ

ಅಡಿಕೆಯ ಕೊಳೆರೋಗಕ್ಕೆ ಮದ್ದು ಸಿಕ್ಕ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಒಬ್ಬರ ಹೆಸರಿನಲ್ಲಿ ಹೇಳಿ ಮುಗಿಸುತ್ತೇವೆ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಬಂದರು. ರೋಗ ತರುವ ಶಿಲೀಂಧ್ರವನ್ನು ಅಭ್ಯಸಿಸಿ, ಬೋರ್ಡೋ ದ್ರಾವಣ ಸಿಂಪಡಿಸಲು ಹೇಳಿಕೊಟ್ಟರು, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಇದೆಲ್ಲ ನಿಜ, ಅವರಿಗೆ ಸಲ್ಲಬೇಕಾದ ಗೌರವವೂ ದೊಡ್ಡದು. ಆದರೆ ಮೈಲುತುತ್ತ ಮತ್ತು ಸುಣ್ಣದ ಆ ಮಿಶ್ರಣ ಅವರು ಕಂಡುಹಿಡಿದದ್ದಲ್ಲ. ಫ್ರಾನ್ಸಿನ ಮಿಲಾರ್ಡೆ 1885ರಲ್ಲೇ ಅದನ್ನು ದ್ರಾಕ್ಷಿ ಬಳ್ಳಿಗಾಗಿ ಪ್ರಕಟಿಸಿದ್ದರು. ಎದೆಯೆತ್ತರದ ಬಳ್ಳಿಯ ಮದ್ದನ್ನು ಜಡಿಮಳೆಯ ನಾಡಿನಲ್ಲಿ, ಮುಗಿಲಿಗೆ ತಲೆಯೆತ್ತಿದ ಅಡಿಕೆ ಮರದ ಗೊನೆಗೆ ತಲುಪಿಸಿದ್ದೇ ಇಲ್ಲಿನ ಸಾಧನೆ. ಆ ಸಾಧನೆಯಲ್ಲಿ ತೋಟದವರ ಪಾಲು ಅರ್ಧಕ್ಕಿಂತ ಕಡಿಮೆಯಿಲ್ಲ ಎಂಬುದು ನನ್ನ ವಾದ.

ಮದ್ದು ಬರುವ ಮೊದಲು ಬೆಳೆಗಾರರು ಕೈಕಟ್ಟಿ ಕೂತಿರಲಿಲ್ಲ. ಮಳೆಗಾಲ ಹಿಡಿಯುವ ಮುನ್ನ ಗೊನೆಗೊನೆಗೂ ಹುಲ್ಲಿನದೋ ಹಾಳೆಯದೋ ಕೊಟ್ಟೆ ಕಟ್ಟುತ್ತಿದ್ದರು. ಇದನ್ನು ಬರೀ ರೂಢಿ ಎಂದು ತಳ್ಳಿಹಾಕುವಂತಿಲ್ಲ. ಕೊಳೆರೋಗದ ಬೀಜಾಣುಗಳು ನೀರಿನಲ್ಲಿ ಈಜಿ, ಮಳೆಹನಿಯ ಸಿಡಿತದಲ್ಲಿ ಹರಡುತ್ತವೆ; ಗೊನೆ ಒಣಗಿದ್ದರೆ ರೋಗಕ್ಕೆ ಕಾಲೂರಲು ಜಾಗವಿಲ್ಲ. ಸೂಕ್ಷ್ಮದರ್ಶಕ ಕಾರಣವನ್ನು ತೋರಿಸಿತು, ಆದರೆ ಮಳೆಗೂ ಕೊಳೆಗೂ ಇರುವ ನಂಟನ್ನು ಕೊಟ್ಟೆ ಕಟ್ಟಿದವರು ಮೊದಲೇ ಬಲ್ಲವರಾಗಿದ್ದರು. ಕೊಳೆರೋಗ ಎಂಬ ಮಾತೂ ಅವರದೇ. ಕಾಫಿಯ ಕೊಳೆಗೆ ಕಾರಣವಾದ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಕುಕ್ 1876ರಲ್ಲಿ ಹೆಸರಿಡುವಾಗ ಈ ಕನ್ನಡ ಪದವನ್ನೇ ಸೇರಿಸಿದರು. ಅರಿವು ಪ್ರಯೋಗಾಲಯದಿಂದ ತೋಟಕ್ಕೆ ಮಾತ್ರ ಇಳಿಯಲಿಲ್ಲ, ತೋಟದಿಂದಲೂ ಹೊರಟಿತ್ತು.

ಕಾರಣ ಗೊತ್ತಾಗದೆ ಮದ್ದು ಎಲ್ಲಿಂದ ಬರಬೇಕು, ಹಾಗಾಗಿ ಹೆಚ್ಚಿನ ಪಾಲು ವಿಜ್ಞಾನದ್ದೇ ಎಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪುವ ಮಾತು. ಕೊಟ್ಟೆ ಕಟ್ಟುವುದು ತುಂಬ ಶ್ರಮದ ಕೆಲಸ, ದ್ರಾವಣ ಅದನ್ನು ಹಗುರ ಮಾಡಿತು. ಆದರೂ ಕಾರಣ ತಿಳಿದ ಮಾತ್ರಕ್ಕೆ ಗೊನೆ ಉಳಿಯುವುದಿಲ್ಲ. ಮೊದಲ ಸಿಂಪಡಣೆ ಮುಂಗಾರು ಬಲಿಯುವ ಮುನ್ನ ಆಗಬೇಕು, ಸುಮಾರು 40-45 ದಿನಕ್ಕೆ ಮತ್ತೆ ಆಗಬೇಕು, ನಡುವೆ ಮಳೆ ಬಿಡುವು ಕೊಟ್ಟ ಗಳಿಗೆಯನ್ನು ಹಿಡಿಯಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಇಂದಿನ ಲೆಕ್ಕ ಕಾಗದದ ಮೇಲೆ ಸುಲಭ. ಸುಣ್ಣ ಹಳೆಯದಾದರೆ ಲೆಕ್ಕ ತಪ್ಪುತ್ತದೆ. ಆಗ ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು. ಕೃಷಿ ವಿಸ್ತರಣೆ ಎಂಬ ಕೆಲಸದ ಸೊಗಸನ್ನು ನಾನು ಕಾಣುವುದು ಈ ಕತ್ತಿಯಲ್ಲಿ: ಇಲಾಖೆಯ ಮಾತನ್ನು ನಂಬಬೇಕಾಗಿಲ್ಲ, ಬೆಳೆಗಾರ ತನ್ನ ಕೈಯ ಹತಾರದಿಂದಲೇ ಪರೀಕ್ಷಿಸಿಕೊಳ್ಳಬಹುದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ವರ್ಷವರ್ಷವೂ ಬಿದ್ದ ತಾಮ್ರ ಕರಗಿ ಹೋಗುವುದಿಲ್ಲ, ಮಣ್ಣಿನಲ್ಲಿ ಶೇಖರವಾಗುತ್ತದೆ. ಈ ಚಿಂತೆ ನ್ಯಾಯವಾದದ್ದು, ಮದ್ದಿನ ಹೊಗಳಿಕೆಯಲ್ಲಿ ಇದನ್ನು ಮರೆಮಾಡಬಾರದು. ಕೊಟ್ಟೆ ಪ್ಲಾಸ್ಟಿಕ್ ಹಾಳೆಯ ರೂಪದಲ್ಲಿ ಮರಳಿ ಬಂದಿದೆ, ಆದರೆ ಪ್ಲಾಸ್ಟಿಕ್ಕಿಗೂ ಅದರದೇ ತೊಂದರೆಯಿದೆ. ಎರಡೂ ದಾರಿಗೆ ಬೇಕಾದವನು ಮರ ಹತ್ತುವ ಕೊನೆಗೌಡ. ತಳೆ ಹಾಕಿ ಏರಿ, ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ದಾಟುವ ಅವನ ಕುಶಲತೆಯನ್ನು ಯಾವ ವರದಿಯೂ ತಂತ್ರಜ್ಞಾನವೆಂದು ಲೆಕ್ಕ ಹಿಡಿಯಲಿಲ್ಲ. ಇಂದು ಮೈಲುತುತ್ತ ಅಂಗಡಿಯಲ್ಲಿದೆ, ಸುಣ್ಣವಿದೆ, ಅಳತೆ ಎಲ್ಲರಿಗೂ ಬಾಯಿಪಾಠ. ಮರ ಹತ್ತುವವರು ಸಿಗದೆ ಮದ್ದಿನ ಹೊತ್ತು ಮೀರುತ್ತದೆ, ಕಾಯಿ ಉದುರುತ್ತದೆ; ನೆಲದಲ್ಲೇ ನಿಂತು ಸಿಂಪಡಿಸಲು ಬೆಳೆಗಾರರು ಕಾರ್ಬನ್ ಫೈಬರ್ ದೋಟಿಯನ್ನು ಕೊಳ್ಳುತ್ತಿದ್ದಾರೆ.