ಎರಡಕ್ಷರದ ವ್ಯಾಜ್ಯ

ಲಿಪಿಯೆಂಬುದು ಒಂದು ಜನಾಂಗವು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಸ್ವತ್ತು. ಅದನ್ನು ಯಾರೂ ಅಪಹರಿಸದಿದ್ದರೂ, ಹೊಸದಾಗಿ ತೆರೆದ ಮಾರ್ಗದಲ್ಲಿ ಅದಕ್ಕೆ ಪ್ರವೇಶವಿಲ್ಲದೆ ಹೋದರೆ ನಷ್ಟವು ಕಡಮೆಯದಲ್ಲ. ಅಂತರ್ಜಾಲದಲ್ಲಿ ತನ್ನ ಎರಡು ಅಕ್ಷರಗಳ ಸ್ಥಾನಕ್ಕಾಗಿ ಬಲ್ಗೇರಿಯ ದೇಶವು ನಡೆಸಿದ ವ್ಯಾಜ್ಯವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಅಂತರ್ಜಾಲದ ಗಣಕಯಂತ್ರಗಳಿಗೆ ಅಂಕಿಗಳಿಂದಾದ ವಿಳಾಸಗಳುಂಟು. ಅವನ್ನು ನೆನಪಿಡುವುದು ಮನುಷ್ಯರಿಗೆ ಕಷ್ಟವಾದುದರಿಂದ, 1983ರಲ್ಲಿ ಅಮೆರಿಕದ ಪಾಲ್ ಮೊಕಪೆಟ್ರಿಸ್ ಎಂಬವರು ಅಂಕಿಗಳಿಗೆ ಬದಲಾಗಿ ಹೆಸರುಗಳನ್ನು ಬಳಸುವ ಪದ್ಧತಿಯನ್ನು ರೂಪಿಸಿದರು. ಈ ಹೆಸರುಗಳಲ್ಲಿ ಲ್ಯಾಟಿನ್ ಲಿಪಿಯ 26 ಅಕ್ಷರಗಳು, 10 ಅಂಕಿಗಳು ಮತ್ತು ಒಂದು ಅಡ್ಡಗೆರೆ, ಇಷ್ಟಕ್ಕೇ ಅವಕಾಶವಿದ್ದಿತು. ಇದರಲ್ಲಿ ದುರುದ್ದೇಶವಿದ್ದಂತೆ ತೋರುವುದಿಲ್ಲ. ಆದರೆ ಕೆಲವರ ಅನುಕೂಲಕ್ಕೆಂದು ತುಳಿದ ಕಾಲುದಾರಿಯೇ ಮುಂದೆ ಲೋಕಕ್ಕೆಲ್ಲ ರಾಜಮಾರ್ಗವಾಯಿತು.

ಸಿರಿಲಿಕ್ ಲಿಪಿಯು ರೂಪುಗೊಂಡುದು ಒಂಬತ್ತನೆಯ ಶತಮಾನದ ಕೊನೆಯ ಸುಮಾರಿಗೆ, ಬಲ್ಗೇರಿಯದ ರಾಜ್ಯದಲ್ಲಿ. ಪ್ರತಿವರ್ಷ ಮೇ 24ರಂದು ಆ ಜನರು ತಮ್ಮ ಅಕ್ಷರಗಳ ಉತ್ಸವವನ್ನು ಆಚರಿಸುತ್ತಾರೆ. 2007ರಲ್ಲಿ ಆ ದೇಶವು ಯುರೋಪಿನ ಒಕ್ಕೂಟವನ್ನು ಸೇರಲು, ಸಿರಿಲಿಕ್ಕು ಒಕ್ಕೂಟದ ಮೂರನೆಯ ಅಧಿಕೃತ ಲಿಪಿಯೆನಿಸಿತು. ಇಂಥ ನಾಡಿನ ತರುಣರೇ ಯಂತ್ರದ ಮುಂದೆ ಕುಳಿತಾಗ ತಾಯ್ನುಡಿಯನ್ನು ಲ್ಯಾಟಿನ್ ಅಕ್ಷರಗಳಲ್ಲಿ ಬರೆಯುವ ರೂಢಿ ಬಿದ್ದಿತು. ಅಕ್ಷರ ಸಾಲದಿದ್ದಲ್ಲಿ ಅಂಕಿಯನ್ನಿಟ್ಟರು: 'ಚ'ಕಾರಕ್ಕೆ 4, ಏಕೆಂದರೆ ಅವರ ಭಾಷೆಯಲ್ಲಿ ನಾಲ್ಕು ಎಂದರೆ 'ಚೆತಿರಿ', 'ಷ'ಕಾರಕ್ಕೆ 6, ಏಕೆಂದರೆ ಆರು ಎಂದರೆ 'ಷೆಸ್ತ್'.

2003ರಲ್ಲಿ ಪ್ಯೂನಿಕೋಡ್ ಎಂಬ ವಿಧಾನವು ಅಂಗೀಕೃತವಾಯಿತು. ಓದುವವನಿಗೆ ಅವನ ಲಿಪಿಯನ್ನು ತೋರಿಸಿ, ಯಂತ್ರಕ್ಕೆ ಲ್ಯಾಟಿನ್ ಅಕ್ಷರಗಳನ್ನೇ ಒಪ್ಪಿಸುವುದು ಇದರ ಯುಕ್ತಿ. ಆದರೂ ಹೆಸರಿನ ಕೊನೆಯಲ್ಲಿ ಬರುವ ದೇಶದ ಸಂಕೇತವು ಲ್ಯಾಟಿನ್ನಿನಲ್ಲಿಯೇ ಉಳಿಯಿತು. ಹೆಸರುಗಳ ಮೂಲಪಟ್ಟಿಯ ಮೇಲ್ವಿಚಾರಣೆಯನ್ನು ಹೊತ್ತ ಐಕಾನ್ ಸಂಸ್ಥೆಯು 2009ರ ಅಕ್ಟೋಬರಿನಲ್ಲಿ ಸೋಲ್ ನಗರದಲ್ಲಿ ಸಭೆ ಸೇರಿ ಈ ಕಟ್ಟನ್ನು ಸಡಿಲಿಸಿತು. 2010ರ ಮೇ ತಿಂಗಳಲ್ಲಿ ಈಜಿಪ್ಟ್, ಸೌದಿ ಅರೇಬಿಯ ಮತ್ತು ಅರಬ್ ಎಮಿರೇಟುಗಳು ಅರಬ್ಬಿಯಲ್ಲಿಯೂ, ರಷ್ಯವು ಸಿರಿಲಿಕ್ಕಿನಲ್ಲಿಯೂ ತಮ್ಮ ಹೆಸರನ್ನು ಪಡೆದುವು.

ಬಲ್ಗೇರಿಯವು ಕೇಳಿದುದು ತನ್ನ ಲಿಪಿಯ 'ಬ'ಕಾರ 'ಗ'ಕಾರಗಳೆರಡನ್ನು ಮಾತ್ರ. ಆದರೆ ಅವುಗಳ ಸಣ್ಣಕ್ಷರಗಳ ಆಕಾರವು ಲ್ಯಾಟಿನ್ನಿನ 'ಬಿ', 'ಆರ್' ಅಕ್ಷರಗಳನ್ನು ಹೋಲುತ್ತದೆ. ಆ ಜೋಡಿಯು ಬ್ರೆಜಿಲ್ ದೇಶದ ಸಂಕೇತ. ಆದುದರಿಂದ 2010ರಲ್ಲಿ ಮನವಿಯು ತಿರಸ್ಕೃತವಾಯಿತು.

ಈ ಭಯವು ನಿರಾಧಾರವಲ್ಲ. ಸಿರಿಲಿಕ್ ಅಕ್ಷರಗಳನ್ನು ಬೆರಸಿ ಪ್ರಸಿದ್ಧ ವಾಣಿಜ್ಯಸಂಸ್ಥೆಯ ಹೆಸರಿನ ತದ್ರೂಪವನ್ನು ಮಾಡಬಹುದೆಂದು ಇಸ್ರೇಲಿನ ಇಬ್ಬರು ವಿದ್ವಾಂಸರು 2002ರಲ್ಲಿಯೇ ತೋರಿಸಿಕೊಟ್ಟಿದ್ದರು. ಕಣ್ಣನ್ನು ವಂಚಿಸುವವನು ಹಣವನ್ನೂ ವಂಚಿಸಬಲ್ಲನು. ಆದರೆ ಲ್ಯಾಟಿನ್ ಸಂಕೇತಗಳು ಅಂತರರಾಷ್ಟ್ರೀಯ ಪಟ್ಟಿಯೊಂದರಿಂದ ನೇರವಾಗಿ ಬಂದವು. ಅವಕ್ಕೆ ಇಂಥ ಪರೀಕ್ಷೆಯಿರಲಿಲ್ಲ. ತಡವಾಗಿ ಬಂದವನಿಗೇ ಪರೀಕ್ಷೆ, ಸೋತರೆ ಮೇಲ್ಮನವಿಯೂ ಇಲ್ಲ. ಹೋಲಿಕೆಯೆಂಬುದು ಇಬ್ಬರ ನಡುವಣ ಸಂಗತಿ. ಅದರ ದೋಷವನ್ನು ಒಬ್ಬನ ಮೇಲೆಯೇ ಹೊರಿಸುವುದು ನ್ಯಾಯವೆನಿಸದು.

ಬೇರೆ, ದೀರ್ಘವಾದ ಹೆಸರನ್ನು ಆರಿಸಿಕೊಳ್ಳುವ ದಾರಿಯಿದ್ದರೂ ಬಲ್ಗೇರಿಯವು ಪಟ್ಟು ಬಿಡಲಿಲ್ಲ. ಕೊನೆಗೆ 2013ರಲ್ಲಿ ಪುನರ್ವಿಮರ್ಶೆಗೆಂದು ಬೇರೊಂದು ಮಂಡಲಿಯು ಏರ್ಪಟ್ಟಿತು. 2014ರಲ್ಲಿ ತೀರ್ಪು ಅನುಕೂಲವಾಗಿ, 2016ರಲ್ಲಿ ಆ ಎರಡಕ್ಷರಗಳು ಮೂಲಪಟ್ಟಿಯನ್ನು ಸೇರಿದುವು. ಇಂಥದೇ ತೊಡಕಿಗೆ ಸಿಲುಕಿದ್ದ ಗ್ರೀಸಿನ ಹೆಸರು 2018ರಲ್ಲಿ ಸೇರಿತು.

ಈ ಕಥೆಯು ನಮಗೆ ದೂರದ್ದಲ್ಲ. 2011ರಲ್ಲಿ ನಮ್ಮ ದೇಶದ ಏಳು ಹೆಸರುಗಳಿಗೆ ಒಪ್ಪಿಗೆ ದೊರೆತಾಗ ತೆಲುಗು ಅಲ್ಲಿದ್ದಿತು, ಕನ್ನಡವಿರಲಿಲ್ಲ. ಕನ್ನಡದ 'ಭಾರತ'ವು ತರುವಾಯ ಬಂದಿತು. ನಮ್ಮ ಗ, ಜ, ರ, ಲಗಳು ತೆಲುಗಿನವನ್ನು ಎಷ್ಟು ಹೋಲುತ್ತವೆಂಬುದನ್ನು ವಾಚಕರು ಬಲ್ಲರು. ಆದುದರಿಂದ ಮೂಲಪಟ್ಟಿಯ ಹೆಸರುಗಳಿಗಾಗಿ 2019ರಲ್ಲಿ ಸಿದ್ಧವಾದ ಕನ್ನಡದ ನಿಯಮಾವಳಿಯು ಅಂಥ ಅಕ್ಷರಗಳನ್ನು ಪರಸ್ಪರ ರೂಪಾಂತರಗಳೆಂದು ಎಣಿಸಿತು: ಒಂದು ಲಿಪಿಯಲ್ಲಿ ಕೊಟ್ಟ ಹೆಸರಿನ ತದ್ರೂಪವನ್ನು ಮತ್ತೊಂದರಲ್ಲಿ ಬೇರೊಬ್ಬರಿಗೆ ಕೊಡಲಾಗದು. ಇಲ್ಲಿ ಎಚ್ಚರಿಕೆಯೂ ಉಂಟು, ಸಮತೆಯೂ ಉಂಟು. ಬಲ್ಗೇರಿಯವು ಆರು ವರ್ಷ ಕಾದು ಪಡೆದುದು ಈ ಸಮತೆಯನ್ನೇ.